ಜನವರಿ 23ಕ್ಕೆ ಐದೇ ಸಾಲು

ಜನವರಿ 23ರ ಖಾತೆಯಲ್ಲಿ ಏನೇನಿದೆ ನೋಡಿ. 1556ರಲ್ಲಿ ಚೀನಾದ ಶಾನ್‌ಷಿ ಪ್ರಾಂತ್ಯದಲ್ಲಿ ಭೂಮಿ ಕಂಪಿಸಿ ಎಂಟು ಲಕ್ಷಕ್ಕೂ ಮೀರಿ ಜನ ಸತ್ತರೆಂದು ಅಲ್ಲಿನ ದಾಖಲೆಗಳು ಹೇಳುತ್ತವೆ. ಅದಾಗಿ ಒಂಬತ್ತು ವರ್ಷಕ್ಕೆ, 1565ರಲ್ಲಿ, ಕೃಷ್ಣಾ ತೀರದ ತಾಳಿಕೋಟೆ ಕದನದಲ್ಲಿ ವಿಜಯನಗರದ ಸೇನೆ ದಿಕ್ಕಾಪಾಲಾಯಿತು. 1849ರಲ್ಲಿ ನ್ಯೂಯಾರ್ಕ್ ರಾಜ್ಯದ ಜಿನೀವಾ ಎಂಬ ಊರಿನಲ್ಲಿ ಎಲಿಜಬೆತ್ ಬ್ಲ್ಯಾಕ್‌ವೆಲ್ ವೈದ್ಯ ಪದವಿ ಪಡೆದರು. ಅಮೆರಿಕದಲ್ಲಿ ಆ ಪದವಿ ಪಡೆದ ಮೊದಲ ಹೆಣ್ಣುಮಗಳು ಅವರು. 1897ರಲ್ಲಿ ಕಟಕ್‌ನಲ್ಲಿ ಸುಭಾಷ್‌ಚಂದ್ರ ಬೋಸ್ ಹುಟ್ಟಿದರು. 1960ರಲ್ಲಿ ಝಾಕ್ ಪಿಕಾರ್ ಮತ್ತು ಡಾನ್ ವಾಲ್ಷ್ ‘ಟ್ರಿಯೆಸ್ಟ್’ ಎಂಬ ಮುಳುಗುನೌಕೆಯಲ್ಲಿ ಕೂತು ಪೆಸಿಫಿಕ್ ಸಾಗರದ ಅತಿ ಆಳದ ತಳ ಮುಟ್ಟಿದರು. ಅದು ಸುಮಾರು ಹನ್ನೊಂದು ಕಿಲೋಮೀಟರ್ ಕೆಳಗಿದೆ. ಇವು ಥಟ್ಟನೆ ನೆನಪಿಗೆ ಬಂದವು ಅಷ್ಟೆ. ಪಟ್ಟಿ ಮಾಡುತ್ತ ಹೋದರೆ ಪುಟ ಸಾಲದು.

ಇದನ್ನೆಲ್ಲ ಐದು ಸಾಲಿಗೆ ಇಳಿಸಿ ಎಂದರೆ ಯಾವುದನ್ನು ಇಟ್ಟುಕೊಳ್ಳುತ್ತೀರಿ?

ಇತಿಹಾಸದಲ್ಲಿ ಈ ದಿನ ಏನಾಯಿತು ಎಂಬ ಕುತೂಹಲ ಹೊಸದೇನಲ್ಲ. ಶಾಲೆಯ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಕರಿಹಲಗೆಯ ಮೂಲೆಯಲ್ಲಿ ‘ದಿನದ ವಿಶೇಷ’ ಬರೆಯುವ ಹುಡುಗರು ಇದ್ದೇ ಇದ್ದರು. ಪತ್ರಿಕೆಗಳಲ್ಲಿ ಅದಕ್ಕೊಂದು ಪುಟ್ಟ ಚೌಕ ಇತ್ತು, ಈಗಲೂ ಇದೆ. ಅಲ್ಲಿ ಆಯ್ಕೆ ಒಬ್ಬ ಮೇಷ್ಟ್ರದೋ ಒಬ್ಬ ಉಪಸಂಪಾದಕನದೋ ಆಗಿರುತ್ತಿತ್ತು. ಯಾಕೆ ಇದು, ಯಾಕೆ ಅದಲ್ಲ ಎಂದು ಯಾರೂ ಕೇಳುತ್ತಿರಲಿಲ್ಲ. 2001ರ ಜನವರಿ 15ರಂದು ಶುರುವಾದ ಇಂಗ್ಲಿಷ್ ವಿಕಿಪೀಡಿಯದ ಮುಖಪುಟದಲ್ಲೂ ಇಂಥದೇ ಒಂದು ಚೌಕವಿದೆ. ವ್ಯತ್ಯಾಸ ಇಷ್ಟೇ: ಅಲ್ಲಿ ಕೇಳುವವರು ಇದ್ದಾರೆ, ಉತ್ತರ ಕೊಡಬೇಕಾದವರೂ ಇದ್ದಾರೆ, ಆ ಜಗಳವೆಲ್ಲ ಚರ್ಚೆ ಪುಟಗಳಲ್ಲಿ ಹಾಗೇ ಉಳಿದಿರುತ್ತದೆ. ಆ ಜಗಳಗಳನ್ನು ಓದುವುದು ಚೌಕವನ್ನು ಓದುವುದಕ್ಕಿಂತ ಸ್ವಾರಸ್ಯಕರ.

ವ್ಯವಸ್ಥೆ ಹೀಗಿದೆ. ವರ್ಷದ 366 ತಾರೀಖಿಗೂ ಒಂದೊಂದು ಪುಟ. ಮುಖಪುಟದಲ್ಲಿ ಕಾಣುವುದು ಸಾಮಾನ್ಯವಾಗಿ ಐದು ಘಟನೆ, ಅವುಗಳ ಕೆಳಗೆ ಕೆಲವು ಜನನ–ಮರಣಗಳ ಸಾಲು. ಆದರೆ ಆ ತಾರೀಖಿನ ಪುಟವನ್ನೇ ತೆರೆದು ನೋಡಿದರೆ ಮುಖಪುಟಕ್ಕೆ ಬಾರದ ಎರಡು ರಾಶಿಗಳು ಸಿಗುತ್ತವೆ. ಒಂದು, ಅರ್ಹವಾಗಿದ್ದೂ ಈ ಸಲ ಜಾಗ ಸಿಗದೆ ಸರದಿ ಕಾಯುತ್ತಿರುವ ಘಟನೆಗಳದ್ದು. ಇನ್ನೊಂದು, ಅನರ್ಹ ಎಂದು ಬದಿಗಿಟ್ಟವುಗಳದ್ದು, ಪ್ರತಿಯೊಂದರ ಎದುರು ಕಾರಣ ಸಹಿತ. ಮುಖಪುಟಕ್ಕೆ ಹೋಗುವ ಪುಟಗಳಿಗೆ ಬೀಗ ಇರುತ್ತದೆ. ಯಾರು ಬೇಕಾದರೂ ತಿದ್ದಬಹುದಾದ ವಿಶ್ವಕೋಶದಲ್ಲಿ ಎಲ್ಲರೂ ನೋಡುವ ಪುಟವನ್ನು ಮಾತ್ರ ನಿರ್ವಾಹಕರೇ ತಿದ್ದಬೇಕು. ಉಳಿದವರು ಚರ್ಚೆ ಪುಟದಲ್ಲಿ ಅಹವಾಲು ಬರೆಯಬಹುದು. ಗ್ರೀನಿಚ್ ಕಾಲಮಾನದ ನಡುರಾತ್ರಿಗೆ ಚೌಕ ಬದಲಾಗುತ್ತದೆ, ಅಂದರೆ ನಮಗೆ ಬೆಳಗಿನ ಐದೂವರೆಗೆ.

ಆ ‘ಕಾರಣ ಸಹಿತ’ದಲ್ಲೇ ಈ ಕಸುಬಿನ ಗುಟ್ಟು ಇದೆ. ಘಟನೆ ಸಣ್ಣದು ಎಂಬ ಕಾರಣಕ್ಕೆ ಹೊರಬಿದ್ದವು ಇಲ್ಲದಿಲ್ಲ. ಆದರೆ ಮತ್ತೆ ಮತ್ತೆ ಕಾಣುವ ಕಾರಣ ಬೇರೆ. ಆ ಘಟನೆಯ ಬಗ್ಗೆ ಇರುವ ಲೇಖನಕ್ಕೆ ಸಾಕಷ್ಟು ಉಲ್ಲೇಖಗಳಿಲ್ಲ, ಲೇಖನದ ಒಂದು ಇಡೀ ಭಾಗಕ್ಕೆ ಆಧಾರವೇ ಇಲ್ಲ, ಅಥವಾ ಲೇಖನದಲ್ಲಿ ಆ ತಾರೀಖೇ ಕಾಣುತ್ತಿಲ್ಲ. ಚೌಕದ ಪ್ರತಿ ಸಾಲಿನಲ್ಲೂ ಒಂದು ಕೊಂಡಿ ದಪ್ಪ ಅಕ್ಷರದಲ್ಲಿರುತ್ತದೆ. ಓದುಗ ಅದನ್ನು ಒತ್ತಿ ಹೋದಾಗ ಸಿಗುವ ಲೇಖನ ನೆಟ್ಟಗಿರಬೇಕು, ಚುಟುಕಾಗಿರಬಾರದು, ತಲೆಯ ಮೇಲೆ ಎಚ್ಚರಿಕೆಯ ಪಟ್ಟಿ ಅಂಟಿಸಿಕೊಂಡಿರಬಾರದು. ಕನ್ನಡ ವಿಕಿಪೀಡಿಯ ಓದುವವರಿಗೆ ‘ಸಾಕ್ಷ್ಯಾಧಾರ ಬೇಕಾಗಿದೆ’ ಎಂಬ ಆ ಪುಟ್ಟ ನೀಲಿ ಅಕ್ಷರಗಳ ಪರಿಚಯ ಚೆನ್ನಾಗಿಯೇ ಇರುತ್ತದೆ. ಅಂಥವು ನಾಲ್ಕಾರು ಇದ್ದರೆ, ಜಗತ್ತನ್ನೇ ಅಲ್ಲಾಡಿಸಿದ ಘಟನೆಯಾದರೂ ಆ ವರ್ಷ ಬೆಂಚಿನ ಮೇಲೆ.

ಮೊದಲ ಸಲ ಕೇಳಿದಾಗ ಇದು ಅನ್ಯಾಯ ಅನ್ನಿಸುತ್ತದೆ. ಮಹತ್ವ ಯಾವುದಕ್ಕಿದೆ ಎಂದು ತೂಗುವುದನ್ನು ಬಿಟ್ಟು ಲೇಖನ ಯಾವುದು ಚೆನ್ನಾಗಿದೆ ಎಂದು ನೋಡುವುದೇ? ನನ್ನ ಮಟ್ಟಿಗೆ ಇದು ಸರಿಯಾದ ನಿಯಮ. ಮಹತ್ವದ ಪ್ರಶ್ನೆಗೆ ಕೊನೆಯೇ ಇಲ್ಲ. ಶಾನ್‌ಷಿಯ ಭೂಕಂಪ ದೊಡ್ಡದೋ ತಾಳಿಕೋಟೆ ದೊಡ್ಡದೋ ಎಂದು ಬೀಜಿಂಗಿನವನೂ ವಿಜಯಪುರದವನೂ ಕೂತು ವಾದಿಸಿದರೆ ಇನ್ನೊಂದು ಜನವರಿ 23 ಬಂದರೂ ಮುಗಿಯುವುದಿಲ್ಲ. ಲೇಖನಕ್ಕೆ ಆಧಾರ ಇದೆಯೋ ಇಲ್ಲವೋ ಎಂಬುದನ್ನು ಇಬ್ಬರೂ ಎಣಿಸಿ ನೋಡಬಹುದು. ಅದಕ್ಕಿಂತ ಮುಖ್ಯವಾಗಿ, ನಿಮ್ಮ ಊರಿನ ಘಟನೆ ಚೌಕದಲ್ಲಿ ಬರಬೇಕು ಎಂದು ಆಸೆಯಿದ್ದರೆ ಗಲಾಟೆ ಮಾಡಿ ಪ್ರಯೋಜನವಿಲ್ಲ, ಕೂತು ಲೇಖನ ಬರೆಯಬೇಕು. ಗಲಾಟೆಯನ್ನು ದುಡಿಮೆಯ ಕಡೆಗೆ ತಿರುಗಿಸುವ ನಿಯಮ ಇದು. ಆದರೆ ಅದರ ಪರಿಣಾಮ ಏನಾಗುತ್ತದೆಂದರೆ, ಯಾವ ದೇಶದ ಹವ್ಯಾಸಿಗಳು ಹೆಚ್ಚು ಬರೆದಿದ್ದಾರೋ ಆ ದೇಶದ ಘಟನೆಗಳೇ ರಾಶಿಯಲ್ಲಿ ಮೇಲೆ ಬರುತ್ತವೆ. ಬ್ರಿಟನ್ನಿನ ಒಂದು ಸಣ್ಣ ಹಡಗುಕಾಳಗಕ್ಕೆ ಇರುವಷ್ಟು ಅಚ್ಚುಕಟ್ಟಾದ ಲೇಖನ ಇಲ್ಲಿನ ಒಂದು ರಾಜವಂಶಕ್ಕೂ ಇರದೇ ಹೋಗಬಹುದು.

ಈ ವಾಲುವಿಕೆ ಸಂಪಾದಕರಿಗೂ ಗೊತ್ತು. ಹಾಗಾಗಿ ಇನ್ನೊಂದು ನಿಯಮ: ಐದು ಸಾಲುಗಳಲ್ಲಿ ಕಾಲ, ದೇಶ, ವಿಷಯ ಬೇರೆ ಬೇರೆ ಆಗಿರಬೇಕು. ಐದೂ ಯುದ್ಧವೇ ಆಗಬಾರದು, ಐದೂ ಇಪ್ಪತ್ತನೇ ಶತಮಾನದ್ದೇ ಆಗಬಾರದು. ಈ ಕಣ್ಣಿನಿಂದ ಜನವರಿ 23ನ್ನು ನೋಡಿ. ಶಾನ್‌ಷಿ ಮತ್ತು ತಾಳಿಕೋಟೆ ಎರಡೂ ಹದಿನಾರನೇ ಶತಮಾನದವು, ಎರಡೂ ಏಷ್ಯಾದವು, ಎರಡೂ ಸಾವಿನ ಸುದ್ದಿ. ಒಂದು ವರ್ಷ ಅದು, ಇನ್ನೊಂದು ವರ್ಷ ಇದು ಎಂದು ಹಂಚಬೇಕಾಗಬಹುದು. ಬ್ಲ್ಯಾಕ್‌ವೆಲ್ ಮತ್ತು ಟ್ರಿಯೆಸ್ಟ್‌ಗೆ ಆ ತೊಂದರೆ ಇಲ್ಲ. ಬೋಸ್ ಹುಟ್ಟಿದ್ದು ಘಟನೆಗಳ ಸಾಲಿಗೆ ಬರದೆ ಕೆಳಗಿನ ಜನನದ ಸಾಲಿಗೆ ಹೋಗುತ್ತದೆ. ಆ ದಿನವನ್ನು 2021ರಿಂದ ಭಾರತ ಸರ್ಕಾರ ಪರಾಕ್ರಮ ದಿವಸವೆಂದು ಆಚರಿಸುತ್ತಿದೆ, ಅದರಿಂದ ಹಬ್ಬ–ಆಚರಣೆಗಳ ಸಾಲಿಗೂ ಒಂದು ಬೇಡಿಕೆ ಬರುತ್ತದೆ. ಹೀಗೆ ಜಾಗದ ಲೆಕ್ಕ ಹಾಕುತ್ತ ಕೂರುವುದು ಇತಿಹಾಸಕಾರರ ಕೆಲಸದಂತೆ ಕಾಣುವುದಿಲ್ಲ, ನಿಜ. ಪತ್ರಿಕೆಯ ಮುಖಪುಟ ಕಟ್ಟಿದವರಿಗೆ ಮಾತ್ರ ಇದು ತಮ್ಮದೇ ಮನೆಯ ಕೆಲಸದಂತೆ ಕಂಡೀತು.

ಆಯ್ಕೆಗಿಂತ ಮೊದಲೇ ಎದುರಾಗುವ ಪ್ರಶ್ನೆ ಇನ್ನೊಂದಿದೆ. ತಾಳಿಕೋಟೆ ನಿಜಕ್ಕೂ ಜನವರಿ 23ರದ್ದೇ?

ಬಹಳ ಪುಸ್ತಕಗಳಲ್ಲಿ ಜನವರಿ 26 ಎಂದಿದೆ. 1900ರಲ್ಲಿ ‘ಎ ಫರ್ಗಾಟನ್ ಎಂಪೈರ್’ ಬರೆದ ರಾಬರ್ಟ್ ಸಿವೆಲ್ ಕೊಡುವುದು 1565ರ ಜನವರಿ 23, ಮಂಗಳವಾರ. ಮೂಲದಲ್ಲಿ ಇರುವುದು ಹಿಜರಿ ತಾರೀಖು, 972ರ ಜುಮಾದಾ ಅಲ್ ಆಖಿರ್ 20. ಲೆಕ್ಕ ಕಟ್ಟಿದರೆ ಅದು ಜನವರಿ 23ಕ್ಕೇ ಬಂದು ನಿಲ್ಲುತ್ತದೆ, ಮಂಗಳವಾರವೂ ಸರಿಹೋಗುತ್ತದೆ; 26 ಆದರೆ ಶುಕ್ರವಾರ. ಹೀಗೆ ವಾರ ಕೂಡಿಸಿ ನೋಡುವುದು ತಾರೀಖು ಪರೀಕ್ಷೆಯ ಹಳೆಯ ಉಪಾಯ. ಆದರೆ ವಿಶ್ವಕೋಶದ ಸಂಪಾದಕ ಈ ಲೆಕ್ಕವನ್ನು ತಾನೇ ಮಾಡಿ, ಇಗೋ ಉತ್ತರ ಎಂದು ಬರೆಯುವಂತಿಲ್ಲ. ಸ್ವಂತ ಸಂಶೋಧನೆಗೆ ಅಲ್ಲಿ ಜಾಗವಿಲ್ಲ. ಅಚ್ಚಾದ, ನಂಬಬಹುದಾದ ಪುಸ್ತಕ ಏನು ಹೇಳುತ್ತದೆ ಎಂಬುದನ್ನಷ್ಟೇ ಅವನು ತೋರಿಸಬಹುದು. ಎರಡು ಒಳ್ಳೆಯ ಪುಸ್ತಕಗಳು ಎರಡು ತಾರೀಖು ಹೇಳಿದರೆ? ಲೇಖನದಲ್ಲಿ ಎರಡನ್ನೂ ಬರೆಯಬಹುದು, ಅಲ್ಲಿ ಜಾಗವಿದೆ. ಚೌಕದಲ್ಲಿ ಇಲ್ಲ. ತಾರೀಖೇ ತಕರಾರಿನಲ್ಲಿರುವ ಘಟನೆಯನ್ನು ತಾರೀಖಿನ ಪುಟದಿಂದ ದೂರ ಇಡುವುದೇ ಕ್ಷೇಮ.

ಇನ್ನೂ ಒಂದು ತೊಡಕು. ಆ ಜನವರಿ 23 ಈಗಿನ ಜನವರಿ 23 ಅಲ್ಲ. ಪೋಪ್ ಗ್ರೆಗರಿ ಪಂಚಾಂಗ ತಿದ್ದಿದ್ದು 1582ರಲ್ಲಿ. ಆ ವರ್ಷ ಅಕ್ಟೋಬರ್ 4ರ ಮರುದಿನ ಅಕ್ಟೋಬರ್ 15 ಆಯಿತು. ಅದಕ್ಕೂ ಹಿಂದಿನದನ್ನು ಹಳೆಯ ಜೂಲಿಯನ್ ಪಂಚಾಂಗದಲ್ಲೇ ಹೇಳುವುದು ವಿದ್ವಾಂಸರ ವಾಡಿಕೆ. ವಿಜಯನಗರದವರಿಗೆ ಜೂಲಿಯನ್ನೂ ಗೊತ್ತಿರಲಿಲ್ಲ, ಗ್ರೆಗೋರಿಯನ್ನೂ ಗೊತ್ತಿರಲಿಲ್ಲ ಎಂಬುದು ಬೇರೆ ಮಾತು. ಈಗಿನ ಕ್ಯಾಲೆಂಡರನ್ನು ಹಿಂದಕ್ಕೆ ಎಳೆದು ನೋಡಿದರೆ ಆ ಯುದ್ಧ ಫೆಬ್ರವರಿ 2ಕ್ಕೆ ಬೀಳುತ್ತದೆ. ಪಕ್ಕದ ಶಾನ್‌ಷಿ ಭೂಕಂಪದ್ದೂ ಇದೇ ಕಥೆ.

ಯುರೋಪಿನಲ್ಲಿ ಈ ಗೊಂದಲ ಇನ್ನೂ ಸೊಗಸಾಗಿದೆ. ಷೇಕ್ಸ್‌ಪಿಯರ್ ಮತ್ತು ಸೆರ್ವಾಂಟಿಸ್ ಒಂದೇ ದಿನ, 1616ರ ಏಪ್ರಿಲ್ 23ರಂದು ಸತ್ತರು ಎಂಬ ಮಾತು ಪುಸ್ತಕ ದಿನಾಚರಣೆಯ ಭಾಷಣಗಳಲ್ಲಿ ಪ್ರತಿವರ್ಷ ಕೇಳುತ್ತೇವೆ. ಸ್ಪೇನ್ ಆಗಲೇ ಹೊಸ ಪಂಚಾಂಗಕ್ಕೆ ಬದಲಾಗಿತ್ತು, ಇಂಗ್ಲೆಂಡ್ ಬದಲಾಗಿರಲಿಲ್ಲ. ಹೆಸರು ಒಂದೇ ಆದರೂ ಇವೆರಡು ಏಪ್ರಿಲ್ 23ರ ನಡುವೆ ಹತ್ತು ದಿನಗಳ ಅಂತರ. ಸಾಲದ್ದಕ್ಕೆ, 23 ಸೆರ್ವಾಂಟಿಸ್ ಮಣ್ಣಾದ ದಿನ, ಸತ್ತದ್ದು ಹಿಂದಿನ ದಿನ. ಇಂಗ್ಲೆಂಡ್ ಬದಲಾಗಲು 1752ರವರೆಗೆ ಕಾಯಿತು, ಅಲ್ಲಿ ಸೆಪ್ಟೆಂಬರ್ 2ರ ಮರುದಿನ ಸೆಪ್ಟೆಂಬರ್ 14. ನ್ಯೂಟನ್ 1642ರ ಕ್ರಿಸ್ಮಸ್ ದಿನ ಹುಟ್ಟಿದ ಎನ್ನುವುದು ಇಂಗ್ಲೆಂಡಿನ ಲೆಕ್ಕ. ಕಾಲುವೆಯ ಆಚೆ ಫ್ರಾನ್ಸಿನಲ್ಲಿ ಅದೇ ಹೊತ್ತು 1643ರ ಜನವರಿ 4 ಆಗಿತ್ತು. ಗೆಲಿಲಿಯೋ ಸತ್ತ ವರ್ಷವೇ ನ್ಯೂಟನ್ ಹುಟ್ಟಿದ ಎಂಬ ಚಂದದ ಮಾತು ಹೀಗೆ ಎರಡು ಪಂಚಾಂಗ ಬೆರೆಸಿದರೆ ಮಾತ್ರ ನಿಲ್ಲುತ್ತದೆ. ಚಂದದ ಮಾತುಗಳನ್ನು ಹೊಡೆದುಹಾಕುವುದು ಈ ಚೌಕದ ಸಂಪಾದಕರಿಗೆ ದಿನನಿತ್ಯದ ಕೆಲಸ.

ಪಂಚಾಂಗ ಒಂದೇ ಆದರೂ ತಾರೀಖು ಊರಿಗೊಂದು ಆಗುವುದುಂಟು. ಚಂದ್ರನ ಮೇಲೆ ಮನುಷ್ಯ ಇಳಿದದ್ದು 1969ರ ಜುಲೈ 20. ನಮ್ಮಲ್ಲಿ ಆಗ ಗಂಟೆ ರಾತ್ರಿ ಒಂದು ದಾಟಿ ಜುಲೈ 21 ಹುಟ್ಟಿಯಾಗಿತ್ತು. ಘಟನೆ ನಡೆದ ಸ್ಥಳದ ತಾರೀಖು ಹಿಡಿಯಿರಿ ಎಂಬುದು ಸಾಮಾನ್ಯ ರೂಢಿ. ಚಂದ್ರನಿಗೆ ಊರ ಗಡಿಯಾರ ಇಲ್ಲದ್ದರಿಂದ ಗ್ರೀನಿಚ್ಚೇ ಗತಿ.

ಹುಟ್ಟಿದ ದಿನಗಳ ವಿಷಯಕ್ಕೆ ಬಂದರೆ ನಾವೇ ಸಂಪಾದಕರಿಗೆ ಹೆಚ್ಚು ಕೆಲಸ ಕೊಡುವವರು. ಸರ್ ಎಂ. ವಿಶ್ವೇಶ್ವರಯ್ಯನವರ ಜನ್ಮದಿನ ಸೆಪ್ಟೆಂಬರ್ 15 ಎಂಬುದರಲ್ಲಿ ತಕರಾರಿಲ್ಲ. ವರ್ಷ 1860 ಎಂದು ಕೆಲವೆಡೆ, 1861 ಎಂದು ಕೆಲವೆಡೆ. ಶತಮಾನೋತ್ಸವದ ಅಂಚೆಚೀಟಿ ಬಂದದ್ದು 1960ರ ಸೆಪ್ಟೆಂಬರ್ 15ರಂದು, ಅವರು ಇನ್ನೂ ನಮ್ಮ ನಡುವೆ ಇದ್ದಾಗಲೇ. ತೀರಿಕೊಂಡದ್ದು 1962ರ ಏಪ್ರಿಲ್ 12 ಎನ್ನುವವರೂ ಇದ್ದಾರೆ, 14 ಎನ್ನುವವರೂ ಇದ್ದಾರೆ. ಇಷ್ಟು ಇತ್ತೀಚಿನ, ಇಷ್ಟು ದೊಡ್ಡ ಹೆಸರಿಗೇ ಹೀಗಾದರೆ ಉಳಿದವರ ಪಾಡೇನು? ಶಾಲೆಗೆ ಸೇರಿಸುವಾಗ ಮೇಷ್ಟ್ರು ವಯಸ್ಸಿಗೆ ಹೊಂದುವಂತೆ ಜೂನ್ 1 ಎಂದು ಬರೆದುಕೊಂಡ ಮಕ್ಕಳು ನಮ್ಮಲ್ಲಿ ಎಷ್ಟು ಜನ! ಅವರಲ್ಲಿ ಕೆಲವರು ಮುಂದೆ ಹೆಸರಾಂತ ಸಾಹಿತಿಗಳೂ ಮಂತ್ರಿಗಳೂ ಆದರು, ಜೂನ್ 1 ಪ್ರಮಾಣಪತ್ರದ ಬಲದಿಂದ ಪುಸ್ತಕಗಳಿಗೂ ಏರಿತು. ದಾಖಲೆ ಇದೆ, ಆದ್ದರಿಂದ ನಿಜ ಎನ್ನಬೇಕೇ? ವಿಶ್ವಕೋಶ ಹೌದು ಎನ್ನುತ್ತದೆ, ಬೇರೆ ದಾರಿಯೂ ಅದಕ್ಕಿಲ್ಲ. ಅವರ ತಾಯಿಯನ್ನು ಕೇಳಿದ್ದರೆ ಆ ವರ್ಷ ಕೆರೆ ಕೋಡಿ ಬಿದ್ದಿತ್ತು ಎನ್ನುತ್ತಿದ್ದರೇನೋ.

ಆಧಾರ ಇದೆ ಎನ್ನುವಾಗಲೂ ಒಂದು ಎಚ್ಚರ ಬೇಕು. ಪತ್ರಿಕೆಯ ದಿನವಿಶೇಷದ ಚೌಕ ತುಂಬಿಸುವವರು ಅವಸರದಲ್ಲಿ ವಿಕಿಪೀಡಿಯದಿಂದ ಎತ್ತಿಕೊಳ್ಳುತ್ತಾರೆ. ಆರು ತಿಂಗಳಾದ ಮೇಲೆ ವಿಕಿಪೀಡಿಯದ ಅದೇ ಸಾಲಿಗೆ ಯಾರೋ ‘ಸಾಕ್ಷ್ಯಾಧಾರ ಬೇಕಾಗಿದೆ’ ಎಂದು ಅಂಟಿಸುತ್ತಾರೆ. ಇನ್ನಾರೋ ಹುಡುಕಿ ಆ ಪತ್ರಿಕೆಯ ಚೌಕವನ್ನೇ ಆಧಾರವಾಗಿ ಕೊಡುತ್ತಾರೆ. ತಪ್ಪು ತಾರೀಖೊಂದು ಹೀಗೆ ಒಂದು ಸುತ್ತು ಹೊಡೆದು ಬಂದು ಗಟ್ಟಿಯಾಗಿ ಕೂತುಬಿಡುತ್ತದೆ. ಕನ್ನಡ ವಿಕಿಪೀಡಿಯ 2003ರಿಂದ ಇದೆ, ಅದರಲ್ಲೂ ತಾರೀಖಿನ ಪುಟಗಳಿವೆ. ಆ ಪುಟಗಳಲ್ಲಿ ಹಲವು ಸಾಲುಗಳಿಗೆ ಆಧಾರವೇ ಇಲ್ಲ ಎಂಬುದು ಹಳೆಯ ದೂರು. ಇಂಥ ಸುತ್ತುಗಳಿಗೆ ಅದಕ್ಕಿಂತ ಹಸನಾದ ನೆಲ ಬೇರೆ ಬೇಕಿಲ್ಲ.

ಇಷ್ಟೆಲ್ಲ ದಾಟಿ ಜಾಗ ಗಿಟ್ಟಿಸಿದ ಘಟನೆಯನ್ನು ಇನ್ನು ಒಂದೇ ವಾಕ್ಯದಲ್ಲಿ ಹೇಳಬೇಕು. ಜಾಗ ಸಿಕ್ಕಿತೆಂದೇ ಇಟ್ಟುಕೊಂಡು ತಾಳಿಕೋಟೆಗೇ ಮರಳೋಣ. ಮೊದಲು ಹೊಳೆಯುವ ವಾಕ್ಯ, ಬಹುಶಃ, “ವಿಜಯನಗರ ಸಾಮ್ರಾಜ್ಯದ ಪತನ”. ಪತನ ಆಯಿತೇ? ರಾಜಧಾನಿ ಲೂಟಿಯಾಯಿತು, ಹಾಳಾಯಿತು, ನಿಜ. ಆದರೆ ತಿರುಮಲರಾಯ ಪೆನುಕೊಂಡೆಗೆ ಹೋದ, ಅರವೀಡು ಮನೆತನ ಮುಂದಿನ ಶತಮಾನದಲ್ಲೂ ವಿಜಯನಗರದ ಹೆಸರಿನಲ್ಲಿ ಆಳಿತು. “ದೊರೆ ರಾಮರಾಯ ಹತನಾದ” ಎಂದರೂ ತಪ್ಪು, ಸಿಂಹಾಸನದ ಮೇಲೆ ಹೆಸರಿಗೆ ಇದ್ದವನು ಸದಾಶಿವರಾಯ. “ಮುಸ್ಲಿಂ ಒಕ್ಕೂಟ ಹಿಂದೂ ಸಾಮ್ರಾಜ್ಯವನ್ನು ಸೋಲಿಸಿತು” ಎಂದು ಬರೆಯಲು ಕೈ ಬರುವವರಿದ್ದಾರೆ. ಇದೇ ರಾಮರಾಯ ಅದಕ್ಕೂ ಮೊದಲು ಒಬ್ಬ ಸುಲ್ತಾನನ ಜೊತೆ ಸೇರಿ ಇನ್ನೊಬ್ಬ ಸುಲ್ತಾನನ ಮೇಲೆ ದಂಡೆತ್ತಿ ಹೋಗಿದ್ದ. ಅವನ್ನೆಲ್ಲ ಯಾವ ವಾಕ್ಯದಲ್ಲಿ ಅಡಗಿಸುತ್ತೀರಿ? “ಐವರು ಸುಲ್ತಾನರು” ಎನ್ನುವಂತೆಯೂ ಇಲ್ಲ, ಬೇರಾರ್ ಕೂಟದಲ್ಲಿರಲಿಲ್ಲ. ಯುದ್ಧದ ಹೆಸರೂ ನಿಲ್ಲುವುದಿಲ್ಲ: ತಾಳಿಕೋಟೆ ಎಂಬುದು ರೂಢಿ, ರಕ್ಕಸ–ತಂಗಡಿ ಎನ್ನುವವರಿದ್ದಾರೆ, ಬನ್ನಿಹಟ್ಟಿ ಎನ್ನುವವರೂ ಇದ್ದಾರೆ. ಎಲ್ಲ ಸೋಸಿದ ಮೇಲೆ ಉಳಿಯುವುದು ಇಂಥದೊಂದು ಸಾಲು: “1565 – ಅಹಮದ್‌ನಗರ, ಬಿಜಾಪುರ, ಗೋಲ್ಕೊಂಡ, ಬೀದರ್ ಸುಲ್ತಾನರ ಕೂಡುಸೇನೆ ತಾಳಿಕೋಟೆ ಕದನದಲ್ಲಿ ವಿಜಯನಗರದ ಸೇನೆಯನ್ನು ಸೋಲಿಸಿತು, ಅಳಿಯ ರಾಮರಾಯ ಸೆರೆಸಿಕ್ಕು ಹತನಾದ.” ಸಪ್ಪೆಯಾಗಿದೆ. ಹಂಪಿಯ ಬಂಡೆಗಳ ನಡುವೆ ಓಡಾಡಿ ಬಂದವರಿಗೆ ಇದು ಸಾಲದು. ಆದರೆ ಇದರಲ್ಲಿ ತೆಗೆದುಹಾಕಬೇಕಾದ ಒಂದು ಮಾತೂ ಇಲ್ಲ.

ಸೆಪ್ಟೆಂಬರ್ 17 ಇದಕ್ಕಿಂತ ಕಷ್ಟ, ಯಾಕೆಂದರೆ ಅದನ್ನು ಕಂಡವರು ಈಗಲೂ ಇದ್ದಾರೆ. 1948ರ ಆ ದಿನವನ್ನು ನಿಜಾಮರ ಹೈದರಾಬಾದಿಗೆ ಸೇರಿದ್ದ ಬೀದರ್, ಕಲಬುರಗಿ, ರಾಯಚೂರುಗಳಲ್ಲಿ ವಿಮೋಚನಾ ದಿನ ಎಂದು ಆಚರಿಸಿಕೊಂಡು ಬಂದರು. ಪ್ರದೇಶಕ್ಕೆ 2019ರಲ್ಲಿ ಕಲ್ಯಾಣ ಕರ್ನಾಟಕ ಎಂದು ಹೆಸರಾದ ಮೇಲೆ ಅದು ಕಲ್ಯಾಣ ಕರ್ನಾಟಕ ಉತ್ಸವ. 2022ರಲ್ಲಿ ಹೈದರಾಬಾದಿನಲ್ಲಿ ಒಂದೇ ದಿನ ಕೇಂದ್ರ ಸರ್ಕಾರ ವಿಮೋಚನಾ ದಿನ ಆಚರಿಸಿತು, ತೆಲಂಗಾಣ ಸರ್ಕಾರ ಏಕೀಕರಣದ ದಿನ ಆಚರಿಸಿತು. ಭಾರತದ ಸೇನೆ ಹೋದದ್ದಕ್ಕೆ ಸರ್ಕಾರಿ ಹೆಸರು ಪೊಲೀಸ್ ಕಾರ್ಯಾಚರಣೆ. ವಿಮೋಚನೆ, ವಿಲೀನ, ಏಕೀಕರಣ, ಆಕ್ರಮಣ — ಯಾವ ಪದ ಹಿಡಿದರೂ ಒಂದು ಪಕ್ಷ ಹಿಡಿದಂತೆ. ‘ವಿಲೀನ’ ಎನ್ನುವುದು ತಟಸ್ಥವಾಗಿ ಕೇಳುತ್ತದೆ, ಆದರೆ ತಾರೀಖಿನ ಲೆಕ್ಕದಲ್ಲಿ ಅದೇ ಕುಂಟುತ್ತದೆ. 17ರಂದು ಆದದ್ದು ನಿಜಾಮರ ಕದನವಿರಾಮ ಘೋಷಣೆ. ಅವರ ಸೇನಾಪತಿ ಎಲ್ ಎದ್ರೂಸ್ ಮೇಜರ್ ಜನರಲ್ ಜೆ.ಎನ್. ಚೌಧುರಿಯವರಿಗೆ ವಿಧಿವತ್ತಾಗಿ ಶರಣಾದದ್ದು ಮರುದಿನ. ಭಾರತದ ಸಂವಿಧಾನದಡಿ ಹೈದರಾಬಾದ್ ಒಂದು ರಾಜ್ಯವಾದದ್ದು 1950ರ ಜನವರಿ 26ಕ್ಕೆ. ಹಾಗಾಗಿ ಎಚ್ಚರದ ಸಂಪಾದಕ ಹೀಗೆ ಬರೆದಾನು: “1948 – ಭಾರತೀಯ ಸೇನೆಯ ಕಾರ್ಯಾಚರಣೆಯ ಐದನೆಯ ದಿನ ಹೈದರಾಬಾದಿನ ನಿಜಾಮರು ಕದನವಿರಾಮ ಘೋಷಿಸಿದರು.” ಆ ದಿನ ಏನು ನಡೆಯಿತೋ ಅದಷ್ಟೇ. ರಜಾಕಾರರ ಹಾವಳಿ, ಆಮೇಲಿನ ಹಿಂಸೆ, ಯಾರಿಗೆ ಯಾವುದರಿಂದ ಬಿಡುಗಡೆ, ಎಲ್ಲವೂ ಕೊಂಡಿಯ ಆಚೆಗಿನ ಲೇಖನಕ್ಕೆ.

ಗಮನಿಸಿ, ಮೇಲಿನ ಸಾಲಿನಲ್ಲಿ ನಿಜಾಮರು “ಘೋಷಿಸಿದರು”. ಅದಕ್ಕೆ ಮೊದಲಿನ ಸಾಲಿನಲ್ಲಿ ರಾಮರಾಯ “ಹತನಾದ”. ಕನ್ನಡದಲ್ಲಿ ಈ ಚೌಕ ಬರೆಯುವವರಿಗೆ ಇಂಗ್ಲಿಷಿನವರಿಗೆ ಇಲ್ಲದ ಒಂದು ತಾಪತ್ರಯ ಇದು. ಕ್ರಿಯಾಪದದ ತುದಿಯಲ್ಲೇ ಮರ್ಯಾದೆ ಕೂತಿದೆ. ಕುವೆಂಪು 1904ರ ಡಿಸೆಂಬರ್ 29ರಂದು ಜನಿಸಿದರು. ‘ಜನಿಸಿದ’ ಎಂದು ಬರೆಯಲು ಕೈ ಏಳುವುದಿಲ್ಲ. ಷೇಕ್ಸ್‌ಪಿಯರ್ ‘ಸತ್ತ’ ಎಂದರೆ ಯಾರಿಗೂ ಬೇಸರವಿಲ್ಲ. ಕಿತ್ತೂರಿನಲ್ಲಿ 1824ರ ಅಕ್ಟೋಬರ್ 23ರಂದು ಬ್ರಿಟಿಷ್ ಅಧಿಕಾರಿ ಥ್ಯಾಕರೆ ‘ಗುಂಡಿಗೆ ಬಲಿಯಾದ’, ಚೆನ್ನಮ್ಮ ‘ಗೆದ್ದರು’. 1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಟಿಪ್ಪು ಮಡಿದನೋ, ಮಡಿದರೋ, ಹತನಾದನೋ, ಹುತಾತ್ಮರಾದರೋ? ಈ ಒಂದು ‘ರು’ವಿಗೆ ಪತ್ರಿಕಾ ಕಚೇರಿಗಳಿಗೆ ದೂರವಾಣಿ ಕರೆಗಳು ಬರುತ್ತವೆ. ಸಾವಿಗಂತೂ ನಮ್ಮಲ್ಲಿ ಪದಗಳ ಉಗ್ರಾಣವೇ ಇದೆ. ಸ್ವಾಮಿಗಳು ಲಿಂಗೈಕ್ಯರಾಗುತ್ತಾರೆ, ಯತಿಗಳು ಬೃಂದಾವನಸ್ಥರಾಗುತ್ತಾರೆ, ಸೈನಿಕರದು ವೀರಮರಣ, ರಾಜಕಾರಣಿಗಳು ವಿಧಿವಶ, ಬಡಪಾಯಿಗಳು ಸಾಯುತ್ತಾರೆ. ಭಕ್ತರ ಭಾಷೆಯನ್ನು ವಿಶ್ವಕೋಶ ಆಡಬಾರದು, ಒಪ್ಪುವ ಮಾತೇ. ಹಾಗೆಂದು ನೂರಾರು ವರ್ಷದ ರೂಢಿಯನ್ನು ಒರೆಸಿ ಎಲ್ಲರನ್ನೂ ‘ಸತ್ತ’ ಎಂದರೆ ಅದೂ ಒಂದು ನಿಲುವೇ ಆಗುತ್ತದೆ, ಅದೂ ಒರಟು ನಿಲುವು. ಅನುಭವಸ್ಥರ ಉಪಾಯ ಸರಳ. ವಾಕ್ಯವನ್ನು ನಾಮಪದದಲ್ಲಿ ನಿಲ್ಲಿಸುವುದು. “ಟಿಪ್ಪು ಸುಲ್ತಾನನ ಮರಣ, ನಾಲ್ಕನೇ ಮೈಸೂರು ಯುದ್ಧದ ಕೊನೆ.” ಸುಲ್ತಾನನ ಎಂಬ ‘ನ’ ಉಳಿಯಿತಲ್ಲ ಎಂದರೆ, ಹೌದು, ಉಳಿಯಿತು. ಪೂರ್ತಿ ಪಾರಾಗುವ ದಾರಿ ಕನ್ನಡದಲ್ಲಿ ಇದ್ದಂತಿಲ್ಲ.

ಸತ್ತವರ ಸಂಖ್ಯೆಯನ್ನೂ ಹೀಗೇ ಯಾರದೆಂದು ಹೇಳಿ ಬರೆಯಬೇಕು. ಜಲಿಯನ್‌ವಾಲಾ ಬಾಗಿನಲ್ಲಿ 379 ಎಂದು ಸರ್ಕಾರ ಹೇಳಿತು, ಸಾವಿರದ ಹತ್ತಿರ ಎಂದು ಕಾಂಗ್ರೆಸ್ಸಿನ ವಿಚಾರಣೆ ಹೇಳಿತು. ‘ನೂರಾರು’ ಎಂಬ ಪದ ಎರಡಕ್ಕೂ ಸುಳ್ಳಾಗದೆ ನಿಲ್ಲುತ್ತದೆ. ‘ಮೊದಲ’ ಎಂಬ ಪದ ಕಂಡರೆ ಮಾತ್ರ ಎರಡು ಸಲ ನೋಡಬೇಕು. ಬ್ಲ್ಯಾಕ್‌ವೆಲ್ ‘ಅಮೆರಿಕದಲ್ಲಿ’ ಮೊದಲಿಗರು, ಜಗತ್ತಿನಲ್ಲಲ್ಲ. 1843ರ ಜುಲೈ 1ರ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆ, ಭಾರತದ್ದಲ್ಲ. ಆ ಒಂದು ವಿಶೇಷಣ ಬಿಟ್ಟುಹೋದರೆ ಸಾಲು ಸುಳ್ಳಾಗುತ್ತದೆ.

ಇವೆಲ್ಲ ಆದ ಮೇಲೂ ಈ ಚೌಕದ ಸ್ವಭಾವದಲ್ಲೇ ಒಂದು ಕೊರತೆ ಉಳಿಯುತ್ತದೆ. ಒಂದು ದಿನದಲ್ಲಿ ನಡೆದದ್ದಕ್ಕೆ ಮಾತ್ರ ಅಲ್ಲಿ ಪ್ರವೇಶ. ಯುದ್ಧ, ಒಪ್ಪಂದ, ಪಟ್ಟಾಭಿಷೇಕ, ಕೊಲೆ, ವಿಮಾನ ಅಪಘಾತ ಇವಕ್ಕೆಲ್ಲ ತಾರೀಖು ಇರುತ್ತದೆ. ಒಂದು ಭಾಷೆ ಬರಹಕ್ಕೆ ಇಳಿದದ್ದಕ್ಕೆ ಇರುವುದಿಲ್ಲ. ಹಲ್ಮಿಡಿ ಶಾಸನದಲ್ಲಿ ಕಾಲವನ್ನೇ ಹೇಳಿಲ್ಲ, ಸುಮಾರು 450 ಎಂಬುದು ವಿದ್ವಾಂಸರ ಅಂದಾಜು. ‘ಕವಿರಾಜಮಾರ್ಗ’ಕ್ಕೆ ಒಂಬತ್ತನೇ ಶತಮಾನ ಎನ್ನಬಹುದು, ದಿನ ಹೇಳಲಾಗದು. ಶ್ರವಣಬೆಳಗೊಳದ ಗೊಮ್ಮಟನ ಕಾಲಬುಡದ ಬರಹ ಚಾವುಂಡರಾಯ ಮಾಡಿಸಿದ್ದೆಂದು ಹೇಳುತ್ತದೆ, ಯಾವಾಗ ಎಂದು ಹೇಳುವುದಿಲ್ಲ. 981 ಎಂಬ ಲೆಕ್ಕ ಹಿಡಿದು 1981ರಲ್ಲಿ ನಾಡು ಸಹಸ್ರಮಾನೋತ್ಸವ ಮಾಡಿತು. ಬಸವ ಜಯಂತಿಗೆ ತಿಥಿ ಇದೆ, ವೈಶಾಖ ಶುದ್ಧ ತದಿಗೆ. ಅದು ವರ್ಷವರ್ಷವೂ ಬೇರೆ ಬೇರೆ ತಾರೀಖಿಗೆ ಜಾರುತ್ತದೆ. ಅಂಥ ಹಬ್ಬಗಳನ್ನು ಆ ವರ್ಷದ ಮಟ್ಟಿಗೆ ಚೌಕದ ತಲೆಯ ಮೇಲೆ ಹಾಕುತ್ತಾರೆ, ಘಟನೆಗಳ ಸಾಲಿನಲ್ಲಿ ಅಲ್ಲ.

ಇಷ್ಟು ಹೇಳಿ, ನಮ್ಮದು ತಾರೀಖಿಲ್ಲದ ಇತಿಹಾಸ ಎಂದು ಕೈಚೆಲ್ಲುವವರನ್ನು ನಾನು ಒಪ್ಪುವುದಿಲ್ಲ. ಬಿ.ಎಲ್. ರೈಸ್ 1886ರಲ್ಲಿ ಶುರುಮಾಡಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳನ್ನು ತೆರೆದು ನೋಡಿ. ತಾಲ್ಲೂಕಿನಿಂದ ತಾಲ್ಲೂಕಿಗೆ, ಊರಿನಿಂದ ಊರಿಗೆ ಶಾಸನಗಳು: ಕೆರೆಗೆ ಗದ್ದೆ ಬಿಟ್ಟದ್ದು, ತುರು ಮರಳಿಸಲು ಹೋಗಿ ಒಬ್ಬ ಸತ್ತದ್ದು, ಗ್ರಹಣದ ಹೊತ್ತಿಗೆ ದಾನ ಕೊಟ್ಟದ್ದು. ಅವುಗಳಲ್ಲಿ ಎಷ್ಟೋ ಶಾಸನಗಳು ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ ಎಲ್ಲವನ್ನೂ ಹೇಳುತ್ತವೆ. ಒಬ್ಬ ಹಳ್ಳಿಯ ಗೌಡನ ದಾನಕ್ಕೆ ಇಷ್ಟು ಕರಾರುವಾಕ್ಕಾದ ದಿನ ದೊರೆಯುವ ನಾಡುಗಳು ಹೆಚ್ಚಿಲ್ಲ. ಇವನ್ನು ಇಂಗ್ಲಿಷ್ ತಾರೀಖಿಗೆ ತರಲು 1896ರಲ್ಲಿ ಸಿವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತರು ಸೇರಿ ‘ದಿ ಇಂಡಿಯನ್ ಕ್ಯಾಲೆಂಡರ್’ ಎಂಬ ಕೋಷ್ಟಕಗಳ ಗ್ರಂಥವನ್ನೇ ಮಾಡಿಟ್ಟರು, ಆಮೇಲೆ ಸ್ವಾಮಿಕಣ್ಣು ಪಿಳ್ಳೆಯವರು ಅದನ್ನು ಇನ್ನೂ ಬೆಳೆಸಿದರು.

ಕೆಲಸ ಸಲೀಸಲ್ಲ. ಶಕವರ್ಷವನ್ನು ಕಳೆದದ್ದು ಎಂದು ಎಣಿಸಬೇಕೋ ನಡೆಯುತ್ತಿರುವುದು ಎಂದು ಎಣಿಸಬೇಕೋ ಎಂಬಲ್ಲಿ ಒಂದು ವರ್ಷ ಆಚೀಚೆ ಆಗುತ್ತದೆ. ಹಂಪಿಯ ವಿರೂಪಾಕ್ಷ ದೇವಾಲಯದಲ್ಲಿರುವ ಕೃಷ್ಣದೇವರಾಯನ ಪಟ್ಟಾಭಿಷೇಕ ಕಾಲದ ಶಾಸನ ಶಕ 1430 ಎನ್ನುತ್ತದೆ, ಶುಕ್ಲ ಸಂವತ್ಸರ ಎಂದೂ ಹೇಳುತ್ತದೆ. ಶುಕ್ಲ ಬೀಳುವುದು 1509–10ರಲ್ಲಿ, ಕಳೆದ ಶಕ 1431ಕ್ಕೆ. ಸಂವತ್ಸರವನ್ನು ನಂಬಿ ಮಾಘ ಶುದ್ಧ ಚತುರ್ದಶಿಯನ್ನು ಲೆಕ್ಕ ಹಾಕಿದರೆ 1510ರ ಜನವರಿ 23 ಅಥವಾ 24 ಬರುತ್ತದೆ. ಪಟ್ಟವಾದದ್ದು 1509ರ ಶ್ರೀಕೃಷ್ಣ ಜಯಂತಿಯ ದಿನ ಎಂಬ ಇನ್ನೊಂದು ಮಾತೂ ಪುಸ್ತಕಗಳಲ್ಲಿದೆ. ಐನೂರನೇ ವರ್ಷದ ಉತ್ಸವ ಹಂಪಿಯಲ್ಲಿ ನಡೆದದ್ದು 2010ರ ಜನವರಿಯಲ್ಲಿ.

ಕೃಷ್ಣದೇವರಾಯನ ಮರಣದ ದಿನ ಮಾತ್ರ ತೀರ ಇತ್ತೀಚಿನವರೆಗೆ ಯಾವ ಶಾಸನದಿಂದಲೂ ತಿಳಿದಿರಲಿಲ್ಲ. 2021ರಲ್ಲಿ ತುಮಕೂರು ಜಿಲ್ಲೆಯ ಹೊನ್ನೇನಹಳ್ಳಿಯ ಗೋಪಾಲಕೃಷ್ಣ ದೇವಾಲಯದ ಬಳಿಯ ಒಂದು ಕನ್ನಡ ಶಾಸನ ಅದನ್ನು ಹೇಳುತ್ತದೆಂದು ವರದಿಯಾಯಿತು: 1529ರ ಅಕ್ಟೋಬರ್ 17, ಭಾನುವಾರ, ಚಂದ್ರಗ್ರಹಣ. ತುಮಕೂರಿನ ವೀರಪ್ರಸನ್ನ ಹನುಮಂತ ದೇವರ ಪೂಜೆಗೆ ಹೊನ್ನೇನಹಳ್ಳಿಯನ್ನು ದಾನ ಕೊಟ್ಟ ಶಾಸನ ಅದು. ವಾರ ಕೂಡಿಸಿ ನೋಡಿದರೆ ಭಾನುವಾರವೇ ಬರುತ್ತದೆ, ಹುಣ್ಣಿಮೆಯೂ ಹೊಂದುತ್ತದೆ. ಇದೂ ಜೂಲಿಯನ್ ತಾರೀಖೇ. ಈಗಿನ ಕ್ಯಾಲೆಂಡರಿನಲ್ಲಿ ಅಕ್ಟೋಬರ್ 27. ವಾಡಿಕೆಯಂತೆ ಅಕ್ಟೋಬರ್ 17ರ ಪುಟಕ್ಕೇ ಹೋಗಬೇಕು, ಮರಣದ ಸಾಲಿಗೆ. ಪತ್ರಿಕಾ ವರದಿಯೊಂದೇ ಆಧಾರ ಎಂದರೆ ಚರ್ಚೆ ಪುಟದಲ್ಲಿ ಯಾರಾದರೂ ತಡೆಯುತ್ತಾರೆ, ತಡೆಯಬೇಕು ಕೂಡ. ಶಾಸನದ ಪಾಠ ವಿದ್ವತ್ ಪತ್ರಿಕೆಯಲ್ಲಿ ಅಚ್ಚಾಗಿರುವುದನ್ನು ತೋರಿಸಿ, ಅದನ್ನು ಕೃಷ್ಣದೇವರಾಯನ ಲೇಖನಕ್ಕೆ ಸೇರಿಸಿ, ಅಲ್ಲಿರುವ ಆಧಾರವಿಲ್ಲದ ಹೊಗಳಿಕೆಗಳನ್ನು ಒಂದೊಂದಾಗಿ ಕಿತ್ತು, ಆಮೇಲೆ ಅಹವಾಲು ಹಾಕಬೇಕು. ಅಕ್ಟೋಬರಿಗೆ ಮೊದಲು ಇದಕ್ಕೆ ಮೂರು ನಾಲ್ಕು ಸಂಜೆ ಬೇಕಾದೀತು.